ನೀರಿಗೆ ಬಿದ್ದ ಟಾರ್ಚು: ದುರಸ್ತಿಯೋ, ಹೊಸತೋ?

ನಮ್ಮ ಮನೆಗಳಲ್ಲಿ ಎಲ್ಲರಿಗೂ ಬೇಕಾದ, ಆದರೆ ಯಾರೂ ಗಮನಿಸದ ಒಂದು ವಸ್ತುವಿದ್ದರೆ ಅದು ಟಾರ್ಚು. ಬೇಸಗೆಯಲ್ಲಿ ಅದು ಯಾವ ಮೂಲೆಯಲ್ಲಿದೆ ಎಂದು ಕೇಳಿದರೆ ಮನೆಯ ಯಜಮಾನರಿಗೂ ತಿಳಿಯದು. ಜೂನ್ ತಿಂಗಳ ಮೊದಲ ಗಾಳಿಮಳೆಗೆ ತಂತಿಯ ಮೇಲೆ ಮರದ ಗೆಲ್ಲು ಬಿದ್ದು ಕರೆಂಟು ಹೋದೊಡನೆ ಮಾತ್ರ “ಟಾರ್ಚೆಲ್ಲಿ? ಟಾರ್ಚೆಲ್ಲಿ?” ಎಂಬ ಕೂಗು ಏಳುತ್ತದೆ. ‘ಸಂಕಟ ಬಂದಾಗ ವೆಂಕಟರಮಣ’ ಎಂಬ ಗಾದೆಯನ್ನು ನಮ್ಮ ಹಿರಿಯರು ಟಾರ್ಚನ್ನು ನೋಡಿಯೇ ಕಟ್ಟಿರಬೇಕೆಂದು ನನಗೆ ಎಷ್ಟೋ ಸಲ ಅನಿಸಿದ್ದುಂಟು.

ವರ್ಷಕ್ಕೆ 3000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕಾಸರಗೋಡಿನಲ್ಲಿ ಟಾರ್ಚು ನೀರಿಗೆ ಬೀಳುವುದು ಆಶ್ಚರ್ಯವಲ್ಲ, ಬೀಳದಿರುವುದೇ ಆಶ್ಚರ್ಯ. ಗದ್ದೆಯ ಹುಣಿಯಲ್ಲಿ ಕಾಲು ಜಾರಿದರೆ ಮೊದಲು ಹಾರುವುದು ಕೈಯಲ್ಲಿರುವ ಟಾರ್ಚು. ಕೊಡೆಯ ಅಂಚಿನಿಂದ ಇಳಿಯುವ ನೀರು ನೇರವಾಗಿ ಸೇರುವುದೂ ಅದರ ಸ್ವಿಚ್ಚಿನ ಸಂದಿಗೆ. ಮರುದಿನ ಬೆಳಿಗ್ಗೆ ಮನೆಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಇದನ್ನು ದುರಸ್ತಿ ಮಾಡಿಸುವುದೋ, ಹೊಸತು ತರುವುದೋ? ಪ್ರಶ್ನೆ ಸಣ್ಣದು. ಆದರೆ ಇದಕ್ಕೆ ಉತ್ತರ ಕಂಡುಕೊಳ್ಳುವ ರೀತಿಯನ್ನು ಮಕ್ಕಳಿಗೆ ಕಲಿಸುವುದು ಸಣ್ಣ ಕೆಲಸವಲ್ಲವೆಂದು ತಿಳಿದು ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

2024ರ ಜುಲೈ ತಿಂಗಳ ಒಂದು ರಾತ್ರಿ. ಹಟ್ಟಿಯ ಹಿಂದಿನ ತೋಡಿನಲ್ಲಿ ನೀರು ಎಷ್ಟು ಏರಿದೆಯೆಂದು ನೋಡಲು ಹೋದ ನನ್ನ ಕೈಯಿಂದ ಟಾರ್ಚು ಜಾರಿ ಕೆಸರುನೀರಿಗೆ ಬಿತ್ತು. ಎರಡು ವರ್ಷ ಹಿಂದೆ 350 ರೂಪಾಯಿ ಕೊಟ್ಟು ತಂದ, ಗೋಡೆಯ ಪ್ಲಗ್ಗಿಗೆ ಚುಚ್ಚಿ ಚಾರ್ಜು ಮಾಡುವ ಪ್ಲಾಸ್ಟಿಕ್ ಟಾರ್ಚು ಅದು. ತಡಕಾಡಿ ಹೆಕ್ಕಿದಾಗ ಒಮ್ಮೆ ಮಿಣಕ್ಕೆಂದಿತು, ಮತ್ತೆ ಆರಿತು. ಒಳಗೆ ಬಂದು, ತವರಿನಿಂದ ತಂದಿರಿಸಿದ್ದ ಅಪ್ಪನ ಎರಡು ಸೆಲ್ಲಿನ ಹಿತ್ತಾಳೆಯ ಟಾರ್ಚನ್ನು ಅಟ್ಟದಿಂದ ಇಳಿಸಿದೆ. ಹೆಂಚಿನ ಸಂದಿನಿಂದ ಸೋರಿದ ಮಳೆನೀರು ಅದರೊಳಗೂ ಸೇರಿತ್ತು. ಅದೂ ಉರಿಯಲಿಲ್ಲ. ಹೀಗೆ ಒಂದೇ ರಾತ್ರಿ ಎರಡು ರೋಗಿಗಳು ನಮ್ಮ ಮೇಜಿನ ಮೇಲೆ ಮಲಗಿದವು.

ಬೆಳಿಗ್ಗೆ ಮಗ ನೋಡಿ, “ಅಮ್ಮಾ, ಎರಡನ್ನೂ ಬಿಸಾಡು. ಮೊಬೈಲಿನಲ್ಲಿ ಬೆಳಕಿಲ್ಲವಾ?” ಎಂದ. ಜಗಲಿಯಲ್ಲಿ ಕುಳಿತಿದ್ದ ಮಾವನವರು ಅದನ್ನು ಕೇಳಿ, “ಬಿಸಾಡಲಿಕ್ಕೆ ಯಾವ ವಿದ್ಯೆಯೂ ಬೇಡ. ನಮ್ಮ ಕಾಲದಲ್ಲಿ ಒಂದು ಟಾರ್ಚಿನಲ್ಲಿ ಆಯುಷ್ಯ ಕಳೆಯುತ್ತಿದ್ದೆವು” ಎಂದರು. ಒಬ್ಬನಿಗೆ ಎಲ್ಲವೂ ಹೊಸತಾಗಬೇಕು, ಇನ್ನೊಬ್ಬರಿಗೆ ಯಾವುದೂ ಹಳತಾಗಬಾರದು. ನಮ್ಮ ಹೆಚ್ಚಿನ ಮನೆಗಳಲ್ಲಿ ಚರ್ಚೆ ನಡೆಯುವುದು ಈ ಎರಡು ತುದಿಗಳ ನಡುವೆ. ಟಾರ್ಚನ್ನು ಬಿಚ್ಚಿ ನೋಡಿದವರು ಮಾತ್ರ ಇಬ್ಬರಲ್ಲಿ ಯಾರೂ ಇಲ್ಲ.

ಈ ವಿಷಯದಲ್ಲಿ ನನಗೆ ಯಾಕಿಷ್ಟು ಕಾಳಜಿ ಎಂದು ನೀವು ಕೇಳಬಹುದು. ಅದಕ್ಕೊಂದು ಕಾರಣವಿದೆ. 1991ರಲ್ಲಿ, ನಾನು ಏಳನೆಯ ತರಗತಿಯಲ್ಲಿದ್ದಾಗ, ಇದೇ ಹಿತ್ತಾಳೆಯ ಟಾರ್ಚು ಒಮ್ಮೆ ನೀರಿಗೆ ಬಿದ್ದಿತ್ತು. ಅದರ ಸ್ವಿಚ್ಚಿನ ಪಟ್ಟಿಗೆ ಕಿಲುಬು ಹಿಡಿಯಿತು. ಅಪ್ಪ ಅದನ್ನು ಸರಿ ಮಾಡಿಸಲಿಲ್ಲ. ಸಿಗರೇಟು ಪೆಟ್ಟಿಗೆಯ ಬೆಳ್ಳಿಬಣ್ಣದ ಕಾಗದವನ್ನು ಮಡಚಿ ಸೆಲ್ಲಿನ ಬುಡಕ್ಕೆ ಇಟ್ಟರು. ಉರಿಯದಿದ್ದರೆ ಅಂಗೈಗೆ ಎರಡು ಬಡಿತ, ಮತ್ತೆ ಬೆಳಕು. “ನೋಡು, ಒಂದು ಪೈಸೆ ಖರ್ಚಿಲ್ಲದೆ ರಿಪೇರಿ ಆಯಿತು” ಎಂದು ಅವರು ಹೇಳುವಾಗ ನಮಗೆಲ್ಲ ಹೆಮ್ಮೆ.

ಅದೇ ಮಳೆಗಾಲದ ಒಂದು ರಾತ್ರಿ ತೋಟದಿಂದ ಬರುವಾಗ ಅಡಿಕೆ ಮರದ ಸಂಕದ ನಡುವೆ ಟಾರ್ಚು ಆರಿತು. ಬಡಿಯಲೆಂದು ಅಪ್ಪ ಇನ್ನೊಂದು ಕೈಯನ್ನು ಹಿಡಿಕೆಯ ಬಿದಿರಿನಿಂದ ಬಿಟ್ಟರು. ಪಾಚಿ ಹಿಡಿದ ಮರದಲ್ಲಿ ಕಾಲು ಜಾರಿತು. ಬೊಬ್ಬೆ ಕೇಳಿ ನೆರೆಯವರು ತೆಂಗಿನ ಒಣಮಡಲಿನ ಸೂಟೆ ಉರಿಸಿಕೊಂಡು ಓಡಿ ಬಂದರು. ಅಂದು ಮಳೆ ಬಿಟ್ಟಿದ್ದುದರಿಂದ ಸೂಟೆ ಉರಿಯಿತು, ತೋಡಿನ ನೀರೂ ಇಳಿದಿತ್ತು. ಬಲಗಾಲು ಮುರಿದು ಅಪ್ಪ ಮೂರು ತಿಂಗಳು ಮಲಗಿದರು. ಸಮಯಕ್ಕೆ ಮದ್ದು ಬಿಡುವವರಿಲ್ಲದೆ ಆ ವರ್ಷದ ಅಡಿಕೆಯ ಬಹುಪಾಲು ಕೊಳೆರೋಗಕ್ಕೆ ಹೋಯಿತು. ಆಮೇಲೆ ಪೇಟೆಯಲ್ಲಿ ಅದಕ್ಕೆ ಹೊಸ ಸ್ವಿಚ್ಚು ಹಾಕಿಸಿದಾಗ ತಗಲಿದ್ದು ಹತ್ತು ರೂಪಾಯಿಗಿಂತಲೂ ಕಡಿಮೆ.

ಬಹುಕಾಲ ನಾನು ಈ ಘಟನೆಯಿಂದ ಕಲಿತ ಪಾಠ ‘ಹಳತನ್ನು ನಂಬಬಾರದು’ ಎಂದಾಗಿತ್ತು. ಆದರೆ ಹೊಸ ಸ್ವಿಚ್ಚು ಹಾಕಿಸಿದ ಮೇಲೆ ಅದೇ ಟಾರ್ಚು ಹತ್ತಾರು ವರ್ಷ ನಮ್ಮ ಮನೆಯಲ್ಲಿ ಒಮ್ಮೆಯೂ ಕೈಕೊಡದೆ ಉರಿಯಿತು. ಹಾಗಾದರೆ ತಪ್ಪು ಹಳತಿನದಲ್ಲ, ದುರಸ್ತಿಯದೂ ಅಲ್ಲ. ಬೆಳ್ಳಿಕಾಗದ ಮಡಚಿ ಇಟ್ಟದ್ದು ದುರಸ್ತಿಯೇ ಆಗಿರಲಿಲ್ಲ, ಅದು ಬರೀ ಮುಂದೂಡಿಕೆ. ಕೆಟ್ಟದ್ದೇನೆಂದು ಕಂಡುಹಿಡಿದು ಅದನ್ನೇ ಸರಿಪಡಿಸುವುದು ದುರಸ್ತಿ. ಕೆಟ್ಟದ್ದನ್ನು ಹಾಗೆಯೇ ಬಿಟ್ಟು ಈ ಹೊತ್ತಿಗೆ ಸಾಕೆಂದು ಉರಿಸುವುದು ಮುಂದೂಡಿಕೆ. ಈ ಎರಡರ ವ್ಯತ್ಯಾಸವನ್ನು ನಾವು ಮಕ್ಕಳಿಗೆ ತಿಳಿಸುವುದಿಲ್ಲ, ಬಹುಮಟ್ಟಿಗೆ ನಾವೇ ತಿಳಿಯುವುದಿಲ್ಲ.

ಆದುದರಿಂದ ಆ ಎರಡು ಟಾರ್ಚುಗಳನ್ನು ಒಂದು ದಿನ ಒಂಬತ್ತನೆಯ ತರಗತಿಗೆ ಕೊಂಡುಹೋದೆ. ಕನ್ನಡ ಟೀಚರಿಗೆ ಟಾರ್ಚಿನಲ್ಲೇನು ಕೆಲಸ ಎಂದು ಮಕ್ಕಳು ಮುಖ ಮುಖ ನೋಡಿಕೊಂಡರು. ಪ್ರಬಂಧ ಬರೆಯುವ ಮೊದಲು ವಸ್ತುವನ್ನು ನೋಡಬೇಕಲ್ಲವೇ ಎಂದೆ.

ಹಿತ್ತಾಳೆಯ ಟಾರ್ಚಿನ ಹಿಂದಿನ ಮುಚ್ಚಳವನ್ನು ಒಬ್ಬ ಹುಡುಗ ತಿರುಗಿಸಿ ತೆಗೆದ. ಸೆಲ್ಲುಗಳ ಬುಡದಲ್ಲಿ ಬಿಳಿಯ ಹಿಟ್ಟಿನಂತಹ ಪದಾರ್ಥ ಅಂಟಿತ್ತು. ನಾವು ಸಾಮಾನ್ಯವಾಗಿ ಬಳಸುವ ಅಗ್ಗದ ಸೆಲ್ಲಿನ ಹೊರಡಬ್ಬಿ ಸತುವಿನದು. ಅದು ಬರೀ ಡಬ್ಬಿಯಲ್ಲ, ತಾನೇ ಕರಗುತ್ತಾ ವಿದ್ಯುತ್ತನ್ನು ಕೊಡುವಂಥದ್ದು. ಕರಗಿ ಕರಗಿ ತೆಳುವಾಗಿ ತೂತಾದಾಗ ಒಳಗಿನ ಆಮ್ಲೀಯ ಪದಾರ್ಥ ಹೊರಬಂದು ಸ್ಪ್ರಿಂಗನ್ನೂ ಪಟ್ಟಿಯನ್ನೂ ತಿನ್ನುತ್ತದೆ. ನೀರು ತಗಲಿದರೆ ಈ ಕೆಲಸ ಇನ್ನೂ ಬೇಗ. ನೀರಿಗೆ ಬಿದ್ದ ಟಾರ್ಚಿನ ಸೆಲ್ಲುಗಳನ್ನು ಮೊತ್ತಮೊದಲು ಹೊರತೆಗೆಯಬೇಕೆನ್ನುವುದು ಇದಕ್ಕಾಗಿ.

ಆಮೇಲೆ ಪರೀಕ್ಷೆ. ಹೊಸ ಸೆಲ್ಲಿನ ಬುಡಕ್ಕೆ ಒಂದು ತಂತಿಯ ತುದಿ, ಇನ್ನೊಂದು ತುದಿ ಬಲ್ಬಿನ ಪಕ್ಕಕ್ಕೆ, ಬಲ್ಬಿನ ಬುಡ ಸೆಲ್ಲಿನ ತಲೆಗೆ. ಬಲ್ಬು ಮಂದವಾಗಿ ಉರಿಯಿತು. ಒಂದು ಸೆಲ್ಲಿನಲ್ಲಿರುವುದು ಒಂದೂವರೆ ವೋಲ್ಟು, ಎರಡು ಸೇರಿದರೆ ಮೂರು. ಅಷ್ಟಾದರೆ ಪೂರ್ಣ ಬೆಳಕು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಟೀಚರ್, ಹಾಗಾದರೆ ಬಲ್ಬು ಒಳ್ಳೆಯದಿದೆ. ಕರೆಂಟು ಹೋಗುವ ದಾರಿ ಎಲ್ಲಿಯೋ ಕಡಿದಿದೆ” ಎಂದಳು. ಎಷ್ಟು ಸರಿಯಾದ ಮಾತು! ಅಡುಗೆ ಸೋಡಾ ಕದಡಿದ ನೀರಿನಲ್ಲಿ ಬಟ್ಟೆ ಅದ್ದಿ ಬಿಳಿಯ ಹಿಟ್ಟನ್ನು ಒರಸಿ, ಸ್ಪ್ರಿಂಗಿನ ತುಕ್ಕನ್ನೂ ಪಟ್ಟಿಯ ಕಿಲುಬನ್ನೂ ಮರಳುಕಾಗದದಿಂದ ಉಜ್ಜಿ, ಒಣಗಿಸಿ, ಸವೆದ ರಬ್ಬರು ವಾಶರನ್ನು ಬದಲಿಸಿದೆವು. ಹೊಸ ಸೆಲ್ಲು ಹಾಕಿ ಸ್ವಿಚ್ಚು ಒತ್ತಿದಾಗ ಬೆಳಕು ತರಗತಿಯ ಮಾಡಿಗೆ ಬಿತ್ತು. ಮಕ್ಕಳ ಚಪ್ಪಾಳೆಗೆ ಪಕ್ಕದ ತರಗತಿಯ ಅಧ್ಯಾಪಕರು ಬಂದು ಇಣುಕಿ ಹೋದರು.

ಪ್ಲಾಸ್ಟಿಕ್ ಟಾರ್ಚನ್ನು ಮಾತ್ರ ಮಕ್ಕಳ ಕೈಗೆ ಕೊಡಲಿಲ್ಲ. ಹೆತ್ತವರು ಈ ಮಾತನ್ನು ದಯವಿಟ್ಟು ಗಮನಿಸಬೇಕು. ಗೋಡೆಯ ಪ್ಲಗ್ಗಿಗೆ ನೇರವಾಗಿ ಚುಚ್ಚುವ ಅಗ್ಗದ ಟಾರ್ಚುಗಳಲ್ಲಿ ಹಲವಕ್ಕೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಮನೆಯ 230 ವೋಲ್ಟಿನ ತಂತಿಗೂ ಅದರ ಒಳಭಾಗಗಳಿಗೂ ನೇರ ಸಂಬಂಧವಿರುತ್ತದೆ. ಅಂತಹದು ಒದ್ದೆಯಾಗಿರುವಾಗ ‘ಉರಿಯುತ್ತದೋ ನೋಡೋಣ’ ಎಂದು ಪ್ಲಗ್ಗಿಗೆ ಚುಚ್ಚುವುದು ಪ್ರಾಣಕ್ಕೇ ಅಪಾಯ. ಪ್ಲಗ್ಗಿನಿಂದ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಶಾಕು ಹೊಡೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಆದ್ದರಿಂದ ಅದನ್ನು ತಿಳಿದವರೇ ಬಿಚ್ಚಬೇಕು.

ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ, ಈಗ ಮಿಕ್ಸಿ ಫ್ಯಾನುಗಳನ್ನು ಸರಿ ಮಾಡುವ ಹಿರಿಯರೊಬ್ಬರಿದ್ದಾರೆ. ಅವರಲ್ಲಿಗೆ ಒಯ್ದೆ. ತಿರುಪು ಇಲ್ಲದೆ ಅಂಟಿಸಿ ಮುಚ್ಚಿದ ಟಾರ್ಚನ್ನು ಕತ್ತಿಯ ಮೊನೆಯಿಂದ ಎಬ್ಬಿಸಿಯೇ ತೆರೆಯಬೇಕಾಯಿತು. ದೀಪದ ಭಾಗಕ್ಕೆ ಏನೂ ಆಗಿರಲಿಲ್ಲ. ಆದರೆ ಬೋರ್ಡಿನ ಮೇಲೆ ಹಸಿರು ಕಿಲುಬು ಹಬ್ಬಿತ್ತು, ಸೀಸದ ಬ್ಯಾಟರಿಯ ಹೊಟ್ಟೆ ಉಬ್ಬಿತ್ತು. ಅವರು ಮಲಯಾಳದಲ್ಲಿ ಹೇಳಿದ ಮಾತನ್ನು ಕನ್ನಡದಲ್ಲಿ ಹೇಳುವುದಾದರೆ: “ಟೀಚರೇ, ಬ್ಯಾಟರಿ ಬದಲಿಸಲಿಕ್ಕೆ ಇನ್ನೂರು ರೂಪಾಯಿ ಆಗುತ್ತದೆ. ಉರಿಸಿ ಕೊಡುತ್ತೇನೆ. ಆದರೆ ಬೋರ್ಡು ಎಷ್ಟು ದಿನ ಬಂದೀತೆಂದು ನಾನು ಮಾತು ಕೊಡಲಾರೆ.” ದುಡಿಮೆಯ ಇನ್ನೂರು ರೂಪಾಯಿಯನ್ನು ಬಿಟ್ಟುಕೊಟ್ಟು ಸತ್ಯ ಹೇಳಿದ ಆ ಹಿರಿಯರಿಗೆ ನಾನು ಋಣಿ. 350 ರೂಪಾಯಿಯ ವಸ್ತುವಿಗೆ 200 ರೂಪಾಯಿಯ ದುರಸ್ತಿ, ಅದೂ ಭರವಸೆಯಿಲ್ಲದ್ದು! ಮೂಗಿಗಿಂತ ಮೂಗುತಿ ಭಾರ. ಅದನ್ನು ಬಿಟ್ಟು ಹೊಸತನ್ನು ಕೊಂಡೆ.

ನೋಡಿ, ಹಳೆಯದು ಉಳಿಯಿತು, ಹೊಸದು ಹೋಯಿತು. ವಯಸ್ಸು ಇಲ್ಲಿ ತೀರ್ಪು ಹೇಳಲಿಲ್ಲ. ತೀರ್ಪು ಹೇಳಿದ್ದು ಬಿಚ್ಚಿ ನೋಡಿದ ಕಣ್ಣು. ಆದುದರಿಂದ ನನ್ನ ಅಭಿಪ್ರಾಯದಲ್ಲಿ ನೀರು ಸೇರಿದ ಟಾರ್ಚಿನ ಮುಂದೆ ನಾವು ಕೇಳಬೇಕಾದ ಪ್ರಶ್ನೆಗಳು ಮೂರು. ಕೆಟ್ಟದ್ದು ಯಾವ ಭಾಗವೆಂದು ಗೊತ್ತಾಯಿತೇ? ಅದನ್ನು ಸರಿ ಮಾಡುವ ಖರ್ಚು ಹೊಸದರ ಬೆಲೆಯ ಅರ್ಧಕ್ಕಿಂತ ಕಡಿಮೆಯೇ? ಸರಿಯಾದ ಮೇಲೆ ಇದನ್ನು ಕತ್ತಲೆಯಲ್ಲಿ ಮಗುವಿನ ಕೈಗೆ ಕೊಟ್ಟು ಕಳುಹಿಸಲು ಧೈರ್ಯವಿದೆಯೇ? ಮೂರಕ್ಕೂ ‘ಹೌದು’ ಎಂದಾದರೆ ದುರಸ್ತಿಯೇ ಸರಿ. ಮೂರನೆಯದಕ್ಕೆ ‘ಇಲ್ಲ’ ಎಂದಾದರೆ, ಖರ್ಚು ಒಂದು ರೂಪಾಯಿಯಾದರೂ ಅದು ಬೇಡ.

ಮೂರನೆಯ ಪ್ರಶ್ನೆ ಮುಖ್ಯ ಯಾಕೆಂದರೆ ಟಾರ್ಚು ಬೇರೆ ವಸ್ತುಗಳಂತಲ್ಲ. ಮಿಕ್ಸಿ ನಡುವೆ ನಿಂತರೆ ಚಟ್ನಿ ತಡವಾದೀತು, ಅಷ್ಟೆ. ಟಾರ್ಚು ನಡುವೆ ನಿಂತರೆ ಕಾಲಡಿಯಲ್ಲಿ ನಾಗರಹಾವಿರಬಹುದು, ಕನ್ನಡಿ ಹಾವಿರಬಹುದು, ತುಂಡಾಗಿ ಬಿದ್ದ ಕರೆಂಟಿನ ತಂತಿಯಿರಬಹುದು. ಪೂರ್ತಿ ಕೆಟ್ಟ ಟಾರ್ಚು ಅಪಾಯವಲ್ಲ, ಅದನ್ನು ಯಾರೂ ಒಯ್ಯುವುದಿಲ್ಲ. ಒಮ್ಮೆ ಉರಿದು ಒಮ್ಮೆ ಆರುವ ಟಾರ್ಚೇ ಅಪಾಯ, ಯಾಕೆಂದರೆ ಅದು ನಮ್ಮನ್ನು ದಾರಿಯ ನಡುವಿನವರೆಗೆ ಕರೆದೊಯ್ಯುತ್ತದೆ.

ಇದಕ್ಕಾಗಿ ನಮ್ಮ ಮನೆಯಲ್ಲಿ ಈಗ ಮೂರು ರಾತ್ರಿಯ ಪರೀಕ್ಷೆಯೊಂದನ್ನು ಇಟ್ಟಿದ್ದೇವೆ. ದುರಸ್ತಿಯಾದ ಟಾರ್ಚನ್ನು ಮೂರು ರಾತ್ರಿ ಮನೆಯೊಳಗೆ ಮಾತ್ರ ಬಳಸುವುದು. ದಿನವೂ ಇಪ್ಪತ್ತು ಸಲ ಸ್ವಿಚ್ಚು ಒತ್ತುವುದು, ಉರಿಯುತ್ತಿರುವಾಗ ಅಲುಗಾಡಿಸುವುದು, ಕಾಲು ಗಂಟೆ ಬಿಡದೆ ಉರಿಸುವುದು. ಒಮ್ಮೆಯಾದರೂ ಕಣ್ಣು ಮಿಟುಕಿಸಿದರೆ ಅದಕ್ಕೆ ಅಂಗಳ ದಾಟುವ ಅಪ್ಪಣೆಯಿಲ್ಲ. ಹೊಸ ಟಾರ್ಚಿಗೂ ಇದೇ ಪರೀಕ್ಷೆ. ಹೊಸತೆಂಬ ಒಂದೇ ಕಾರಣಕ್ಕೆ ಅದಕ್ಕೆ ರಿಯಾಯಿತಿ ಕೊಡಬೇಕಾಗಿಲ್ಲ.

ಒಣಗಿಸುವ ವಿಷಯದಲ್ಲಿಯೂ ನಮ್ಮಲ್ಲಿ ಕೆಲವು ತಪ್ಪು ರೂಢಿಗಳಿವೆ. ಒಲೆಯ ಮೇಲ್ಗಡೆ ಇಟ್ಟರೆ ಪ್ಲಾಸ್ಟಿಕ್ಕು ಬಾಗುತ್ತದೆ, ರಬ್ಬರು ಸಿಡಿಯುತ್ತದೆ. ಅಕ್ಕಿಯ ಡಬ್ಬದಲ್ಲಿ ಹೂತಿಟ್ಟರೆ ಅಕ್ಕಿಯ ಹುಡಿ ಒಳಗೆ ಸೇರುತ್ತದೆ. ಕೆಸರಿಗೋ ಉಪ್ಪುನೀರಿಗೋ ಬಿದ್ದ ಸಾದಾ ಸೆಲ್ಲಿನ ಟಾರ್ಚಾದರೆ ಸೆಲ್ಲು ತೆಗೆದು, ಶುದ್ಧ ನೀರಿನಲ್ಲಿ ಒಮ್ಮೆ ತೊಳೆದು, ಎರಡೂ ತುದಿಗಳನ್ನು ಬಿಚ್ಚಿ ಗಾಳಿಯಾಡುವಲ್ಲಿ ಎರಡು ಮೂರು ದಿನ ಇಡುವುದೇ ಒಳ್ಳೆಯ ದಾರಿ. ಲೀಥಿಯಂ ಬ್ಯಾಟರಿಯ ಟಾರ್ಚಿನೊಳಗೆ ನೀರು ಹೋಗಿದ್ದರೆ ಅಥವಾ ಬ್ಯಾಟರಿ ಉಬ್ಬಿದ್ದರೆ ಅದನ್ನು ಚಾರ್ಜಿಗೆ ಇಡಲೇಬಾರದು, ಬೆಂಕಿ ಹತ್ತುವ ಸಂಭವವಿದೆ.

ಮಗ ಕೇಳಿದ ಮೊಬೈಲಿನ ಪ್ರಶ್ನೆಗೂ ಉತ್ತರಿಸಬೇಕಲ್ಲ. ಮೊಬೈಲಿನ ಬೆಳಕು ಕಳೆದುಹೋದ ಬೀಗದ ಕೈಯನ್ನು ಹುಡುಕಲು ಸಾಕು. ಸುರಿಯುವ ಮಳೆಯಲ್ಲಿ ಹತ್ತು ಮಾರು ಮುಂದಿನ ದಾರಿಯನ್ನು ಅದು ತೋರಿಸಲಾರದು. ಅದು ತೋಡಿಗೆ ಬಿದ್ದರೆ ಬೆಳಕಿನೊಂದಿಗೆ, ನೆರವಿಗೆ ಯಾರನ್ನಾದರೂ ಕರೆಯುವ ಉಪಾಯವೂ ಹೋಗುತ್ತದೆ.

ಇಷ್ಟಕ್ಕೂ ಟಾರ್ಚು ಹುಟ್ಟಿದ್ದು ಬಿಚ್ಚಬಹುದಾದ ವಸ್ತುವಾಗಿಯೇ. 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ಸತು ಮತ್ತು ಮ್ಯಾಂಗನೀಸಿನ ಕೋಶವನ್ನು ನಿರ್ಮಿಸಿದ. ಅದೇ ಮುಂದೆ ಚೆಲ್ಲದ ಒಣ ಸೆಲ್ಲಾಯಿತು. 1899ರಲ್ಲಿ ಡೇವಿಡ್ ಮಿಸೆಲ್ ಎಂಬವನಿಗೆ ಅಮೆರಿಕದಲ್ಲಿ ಕೊಳವೆಯಾಕಾರದ ಟಾರ್ಚಿನ ಪೇಟೆಂಟು ದೊರೆಯಿತು. ಅಂದಿನಿಂದ ಕೊಳವೆ, ಸೆಲ್ಲು, ಬಲ್ಬು, ಸ್ವಿಚ್ಚು ಎಂಬ ನಾಲ್ಕೇ ಭಾಗಗಳನ್ನು ಯಾರೂ ಬಿಚ್ಚಿ ಅರಿಯಬಹುದಿತ್ತು. ಇಂದಿನ ಎಲ್‌ಇಡಿ ದೀಪ ಕಡಿಮೆ ವಿದ್ಯುತ್ತಿಗೆ ಹೆಚ್ಚು ಬೆಳಕು ಕೊಡುತ್ತದೆ. ಅದಕ್ಕೆ ಆಧಾರವಾದ ನೀಲಿ ಎಲ್‌ಇಡಿಗಾಗಿ 2014ರಲ್ಲಿ ಜಪಾನಿನಲ್ಲಿ ಹುಟ್ಟಿದ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಹುಮಾನ ಬಂತು. ಈ ಪ್ರಗತಿಯನ್ನು ನಾನು ಹಳಿಯುವುದಿಲ್ಲ. ದೀಪ ಉತ್ತಮವಾದಂತೆ ಅದರ ಪೆಟ್ಟಿಗೆಯನ್ನು ಅಂಟು ಹಾಕಿ ಮುಚ್ಚಿಬಿಟ್ಟದ್ದಕ್ಕೆ ಮಾತ್ರ ನನ್ನ ಆಕ್ಷೇಪ. ಕೊಂಡ ವಸ್ತುವನ್ನು ದುರಸ್ತಿ ಮಾಡಿಸುವ ಹಕ್ಕು ಗ್ರಾಹಕನಿಗೆ ಬೇಕೆಂದು ವಿಚಾರ ಮಾಡಲು ಕೇಂದ್ರ ಸರಕಾರವೇ 2022ರಲ್ಲಿ ಸಮಿತಿಯೊಂದನ್ನು ನೇಮಿಸಿತು. ಅಂಗಡಿಯಲ್ಲಿ ನಾವೂ ಕೇಳಲು ಕಲಿಯಬೇಕು: ತಿರುಪು ಇದೆಯೇ? ಬ್ಯಾಟರಿ ಬದಲಿಸಬಹುದೇ? ನೀರು ತಡೆಯುವ ರಬ್ಬರು ಬಳೆ ಇದೆಯೇ? ಪೆಟ್ಟಿಗೆಯ ಮೇಲೆ ‘ಐಪಿಎಕ್ಸ್ 4’ ಎಂದಿದ್ದರೆ ನೀರು ಸಿಡಿದರೆ ತಡೆಯುತ್ತದೆ. ‘ಐಪಿಎಕ್ಸ್ 7’ ಎಂದಿದ್ದರೆ ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ತಡೆಯುತ್ತದೆ.

ಬಿಸಾಡಬೇಕಾಗಿ ಬಂದದ್ದನ್ನು ಎಲ್ಲಿ ಬಿಸಾಡಬೇಕೆಂಬುದೂ ನಮ್ಮ ನಿರ್ಣಯದ ಭಾಗವೇ. ಹಳೆಯ ಸೆಲ್ಲುಗಳನ್ನು ತೋಡಿಗೆ ಎಸೆಯುವುದು, ಕಸದೊಂದಿಗೆ ಸುಡುವುದು ನಮ್ಮೂರಿನಲ್ಲಿ ಇನ್ನೂ ಇದೆ. ಸೀಸ ಮಣ್ಣಿಗೂ ನೀರಿಗೂ ವಿಷ, ಲೀಥಿಯಂ ಬ್ಯಾಟರಿ ಬೆಂಕಿಯಲ್ಲಿ ಸಿಡಿಯುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಬ್ಯಾಟರಿಯನ್ನು ಮನೆಯ ಇತರ ಕಸದೊಂದಿಗೆ ಸೇರಿಸಬಾರದು. ಬೇರೆಯಾಗಿ ಕಟ್ಟಿಡಿ. ಅವನ್ನು ಯಾವಾಗ, ಎಲ್ಲಿ ಕೊಡಬೇಕೆಂದು ಪಂಚಾಯತಿನಲ್ಲಿಯೋ, ಮನೆಗೆ ಬರುವ ಹರಿತ ಕರ್ಮ ಸೇನೆಯ ಅಕ್ಕಂದಿರಲ್ಲಿಯೋ ಕೇಳಿರಿ.

ವಿದ್ಯಾರ್ಥಿಗಳಿಗೆ ಒಂದು ಮನೆಪಾಠ ಕೊಟ್ಟು ಮುಗಿಸುತ್ತೇನೆ. ನಾನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಕಲಿತವಳು. ಎರಡೂ ಭಾಷೆಗಳ ಪ್ರಯೋಜನ ಇಂತಹ ಸಣ್ಣ ಕೆಲಸಗಳಲ್ಲಿ ಕಾಣುತ್ತದೆ. ಟಾರ್ಚಿನ ಪೆಟ್ಟಿಗೆಯೊಳಗೆ ಇಂಗ್ಲಿಷಿನಲ್ಲಿ ಅಚ್ಚಾದ ಸೂಚನೆಯ ಚೀಟಿ ಇರುತ್ತದೆ. ಅದನ್ನು ಯಾರೂ ಓದದೆ ಬಿಸಾಡುತ್ತಾರೆ. ನೀವು ಅದನ್ನು ಅಜ್ಜಿಗೆ ಅರ್ಥವಾಗುವ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿನ ಹತ್ತಿರ ಅಂಟಿಸಿ. ಅದರ ಪಕ್ಕದಲ್ಲಿ ಒಂದು ಮೊಳೆ ಹೊಡೆದು ಟಾರ್ಚನ್ನು ಅಲ್ಲಿಯೇ ತೂಗುಹಾಕಿ. ಬೇಸಗೆಯಲ್ಲಿ ಬಳಸದೆ ಇಡುವಾಗ ಸೆಲ್ಲುಗಳನ್ನು ಹೊರಗಿಡಿ.

ದುರಸ್ತಿಯಾದ ಹಿತ್ತಾಳೆಯ ಟಾರ್ಚನ್ನು ಕಳೆದ ರಜೆಯಲ್ಲಿ ತವರಿಗೆ ಒಯ್ದು ಅಪ್ಪನ ಕೈಯಲ್ಲಿಟ್ಟೆ. ಅವರು ಬಾಯಿ ಬಿಡದೆ ಸ್ವಿಚ್ಚನ್ನು ಹತ್ತಿಪ್ಪತ್ತು ಸಲ ಒತ್ತಿ ನೋಡಿದರು. ಆಮೇಲೆ, “ಸಂಕವಿದ್ದಲ್ಲಿ ಈಗ ಕಾಂಕ್ರೀಟಿನ ಸೇತುವೆ ಆಗಿದೆ. ಬುದ್ಧಿ ಮಾತ್ರ ನನಗೆ ಸಂಕ ಇದ್ದಾಗಲೇ ಬರಬೇಕಿತ್ತು” ಎಂದು ನಕ್ಕರು. ಬುದ್ಧಿ ಬರಲು ಬೀಳಲೇಬೇಕೆಂದೇನೂ ಇಲ್ಲ. ಈ ಮಳೆಗಾಲ ಬರುವ ಮೊದಲು ನಿಮ್ಮ ಮನೆಯ ಟಾರ್ಚನ್ನು ಒಮ್ಮೆ ಬಿಚ್ಚಿ ನೋಡಿರಿ. ಉಳಿಸಬೇಕಾದರೆ ಸರಿಯಾಗಿ ಉಳಿಸಿರಿ, ಬಿಡಬೇಕಾದರೆ ಧೈರ್ಯದಿಂದ ಬಿಡಿರಿ. ಎಲ್ಲರೂ ಕತ್ತಲೆಯ ದಾರಿ ದಾಟಿ ಸುಖವಾಗಿ ಮನೆ ಸೇರುವಂತಾಗಲಿ.